ಛಾವಣಿಯ ಮೇಲೆ ಹಿಡಿದುಕೊಳ್ಳಲು ಒಂದು ಹಗ್ಗ

ನನಗೆ ಎತ್ತರವೆಂದರೆ ಭಯ. ಇವತ್ತಿಗೂ ಭಯವೇ. ಡೊಂಬಿವಲಿಯ ನಮ್ಮ ಮೂರನೇ ಮಾಳಿಗೆಯ ಮನೆಯಲ್ಲಿ ಬಟ್ಟೆ ಒಣಹಾಕುವಾಗ ಒಂದು ಕೈಯಲ್ಲಿ ಕಿಟಕಿಯ ಸರಳು ಹಿಡಿದುಕೊಂಡೇ ಇನ್ನೊಂದು ಕೈಯಿಂದ ಹಾಕುತ್ತೇನೆ. ಇಂಥ ಹೆಂಗಸು ಠಾಣೆಯಿಂದ ನವಿ ಮುಂಬಯಿಯವರೆಗೆ ಕಂಡ ಕಂಡ ಕಟ್ಟಡಗಳ ನೆತ್ತಿಗೆ ಹತ್ತಿ, ಸೋಲಾರ್ ಪ್ಯಾನೆಲ್ ತೊಳೆಸುವ ಕೆಲಸ ಮಾಡಿ ನಿವೃತ್ತಳಾದಳೆಂದರೆ ನಮ್ಮ ಕಡೆಯವರು ನಂಬುವುದೇ ಇಲ್ಲ. "ನಿಂದು ಫೋನ್ ಎತ್ತುವ ಕೆಲಸ ಅಲ್ವಾ?" ಎಂದು ಉಡುಪಿಯಲ್ಲಿರುವ ನನ್ನ ಅಕ್ಕ ಈಗಲೂ ಕೇಳುತ್ತಾಳೆ.

ಅವಳು ಹೇಳುವುದೂ ಸುಳ್ಳಲ್ಲ. ಸೇರಿದ್ದು ಫೋನ್ ಎತ್ತುವುದಕ್ಕೇ. ಕಲ್ಯಾಣ ಸ್ಟೇಷನ್ನಿನ ಹತ್ತಿರ ಸಾವಂತ್ ಸಾಹೇಬರದ್ದೊಂದು ಸಣ್ಣ ಕಂಪನಿ. ಮೊದಮೊದಲು ಬಿಸಿಲಿನಿಂದ ಸ್ನಾನದ ನೀರು ಕಾಯಿಸುವ ಹಂಡೆಗಳನ್ನು ಟೆರೇಸಿನ ಮೇಲೆ ಕೂರಿಸಿಕೊಡುತ್ತಿದ್ದರು. ಆಮೇಲೆ ಕರೆಂಟು ಮಾಡುವ ಪ್ಯಾನೆಲ್‌ಗಳು ಬಂದವು. ಕೂರಿಸುವುದಕ್ಕಿಂತ ಕೂರಿಸಿದ ಮೇಲೆ ಅವನ್ನು ನೋಡಿಕೊಳ್ಳುವುದೇ ದೊಡ್ಡ ಕೆಲಸವಾಯಿತು. ಧೂಳು ಕೂತಿತು, ಪಾರಿವಾಳ ಹೊಲಸು ಮಾಡಿತು, ಕರೆಂಟು ಕಡಿಮೆಯಾಯಿತು, ನಿಮ್ಮ ಪ್ಯಾನೆಲ್ಲೇ ಖೋಟಾ ಎಂದು ದಿನವಿಡೀ ಫೋನು. ಆ ಬೈಗುಳವನ್ನೆಲ್ಲ ಮೊದಲು ಕೇಳುತ್ತಿದ್ದವಳು ನಾನು.

ಈಗ ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವ ಹುಡುಗ ಹುಡುಗಿಯರು ನನ್ನ ಹತ್ತಿರ ಬಂದು, "ಆಂಟಿ, ಇದರಲ್ಲಿ ಕಲಿಯುವುದಕ್ಕೆ ಏನಿದೆ, ಗಾಜು ಒರೆಸುವುದು ತಾನೇ?" ಎನ್ನುತ್ತಾರೆ. ಹೌದು, ಗಾಜು ಒರೆಸುವುದೇ. ಆದರೆ ಆ ಗಾಜು ಎಲ್ಲಿದೆ, ಅದರ ಬೆನ್ನಿಗೆ ಏನು ಹರಿಯುತ್ತಿದೆ, ಒರೆಸುವವರ ಕಾಲಡಿಯಲ್ಲಿ ಏನಿದೆ ಎನ್ನುವುದರಲ್ಲಿ ಇಡೀ ಕೆಲಸ ಇದೆ. ಅದನ್ನು ಹೇಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ಯಾವಾಗ ಯಾವ ಹುದ್ದೆ ಸಿಕ್ಕಿತು ಎನ್ನುವುದನ್ನು ಬಿಟ್ಟುಬಿಡುತ್ತೇನೆ. ಅದರಿಂದ ಯಾರಿಗೂ ಉಪಯೋಗವಿಲ್ಲ.

ಮಾಜಿವಾಡಾದ ಒಂದು ಹೌಸಿಂಗ್ ಸೊಸೈಟಿಯಿಂದ ಶುರುಮಾಡುತ್ತೇನೆ. ಅಲ್ಲಿಯ ಸೆಕ್ರೆಟರಿ ಫೋನಿನಲ್ಲಿ ನನ್ನನ್ನು ಚೆನ್ನಾಗಿ ಝಾಡಿಸಿದ್ದರು. ಸಾವಂತ್ ಸಾಹೇಬರು ತಾವೇ ಹೊರಟು ನಿಂತರು. ನನ್ನ ಕಡೆ ತಿರುಗಿ ಮರಾಠಿಯಲ್ಲಿ, "ತಾಈ, ನೀವೂ ಬನ್ನಿ. ದಿನಾ ಬೈಸಿಕೊಳ್ಳುವವರು ನೀವು. ಯಾಕೆ ಬೈಯುತ್ತಾರೆ ಅಂತ ಒಮ್ಮೆ ಕಣ್ಣಾರೆ ನೋಡಿ," ಎಂದರು. ಮರಾಠಿಯಲ್ಲಿ ತಾಈ ಎಂದರೆ ಅಕ್ಕ. ಸೇರಿದ ಹೊಸತರಲ್ಲಿ ಇಷ್ಟು ವಯಸ್ಸಾದವರು ನನ್ನನ್ನು ತಾಯಿ ಅನ್ನುತ್ತಾರಲ್ಲ ಎಂದು ನಾಚಿಕೊಂಡಿದ್ದೆ.

ಟೆರೇಸಿನ ಮೇಲೆ ಹೋದರೆ, ಅಂಚಿನವರೆಗೂ ಪ್ಯಾನೆಲ್‌ಗಳು. ಸುತ್ತಲಿನ ಗೋಡೆ ಮೊಣಕಾಲಿನಷ್ಟೂ ಎತ್ತರವಿಲ್ಲ. ನಮ್ಮ ಕಂಪನಿಯ ಯಲ್ಲಪ್ಪ ಆ ಗೋಡೆಯ ಮೇಲೇ ನಿಂತುಕೊಂಡು, ಹಿಂದೆ ಬಾಗಿ, ಪೈಪು ಹಿಡಿದು ತೊಳೆಯುತ್ತಿದ್ದ. ಅವನ ಬೆನ್ನ ಹಿಂದೆ ಹೈವೇ, ಆಟಿಕೆಗಳಂಥ ಬಸ್ಸುಗಳು.  ನೀರಿನ ಟಾಂಕಿಯ ಕಬ್ಬಿಣದ ಏಣಿಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು, "ಇಲ್ಲಿ ಎಂತ ಹಿಡ್ಕೊಳ್ಳುದು ಮಾರಾಯ?" ಎಂದು ಕೇಳಿದೆ.

ಯಲ್ಲಪ್ಪ ಸಿಂದಗಿ ಕಡೆಯವನು. ಕಲ್ಯಾಣದಲ್ಲಿ ಬಂದು ನೆಲೆಸಿ ಬಹಳ ವರ್ಷವಾಗಿತ್ತು. ನಕ್ಕುಬಿಟ್ಟ. "ಹಿಡ್ಕೊಳ್ಳಾಕ ಏನೈತ್ರಿ ಅಕ್ಕಾರ ಇಲ್ಲಿ? ದೇವರನ್ನ ಹಿಡ್ಕೋರಿ," ಎಂದ.

ಸಾವಂತ್ ಸಾಹೇಬರು ನಗಲಿಲ್ಲ. ಟೆರೇಸನ್ನು ಒಂದು ಸುತ್ತು ಹಾಕಿದರು. ಗೋಡೆಯನ್ನು ಮುಟ್ಟಿ ನೋಡಿದರು, ಪ್ಯಾನೆಲ್‌ನ ಕಂಬ ಅಲ್ಲಾಡಿಸಿ ನೋಡಿದರು. ನಿಜಕ್ಕೂ ಹಿಡಿದುಕೊಳ್ಳುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಯಲ್ಲಪ್ಪನನ್ನು ಗೋಡೆಯಿಂದ ಕೆಳಗಿಳಿಸಿದರು. ಲೋಕಲ್ ಗಾಡಿ ಹಿಡಿದು ವಾಪಸು ಬಂದೆವು. ಕಲ್ಯಾಣ ಸ್ಟೇಷನ್ನಿನ ಸೇತುವೆ ಹತ್ತುವಾಗ ಸಾಹೇಬರು ಹೇಳಿದರು: "ತಾಈ, ಸೋಮವಾರದಿಂದ ಫೋನು ಬೇರೆಯವರು ನೋಡಿಕೊಳ್ಳುತ್ತಾರೆ. ನೀವು ಮೇಲಿನ ಕೆಲಸ ನೋಡಿಕೊಳ್ಳಿ. ಭಯವಿಲ್ಲದವರು ನನ್ನ ಹತ್ತಿರ ಬೇಕಾದಷ್ಟು ಜನ ಇದ್ದಾರೆ. ಎಲ್ಲಿ ಹಿಡಿದುಕೊಳ್ಳುವುದು ಅಂತ ಕೇಳಿದವರು ನೀವೊಬ್ಬರೇ."

ನಾನು ಬೇಡವೆಂದೆ. ಮನೆಗೆ ಹೋಗಿ ಗಂಡನ ಹತ್ತಿರವೂ ಬೇಡವೆಂದೆ. ಅವರು ಹೋಟೆಲಿನ ಕ್ಯಾಶ್ ಕೌಂಟರಿನಲ್ಲಿ ಕೂತು ಮನುಷ್ಯರನ್ನು ಓದಿದವರು. "ಬೇಡ ಅಂತಾದರೆ ಇಷ್ಟು ಹೊತ್ತು ಅದನ್ನೇ ಯಾಕೆ ಮಾತಾಡ್ತಾ ಇದ್ದಿ?" ಎಂದು ತುಳುವಿನಲ್ಲಿ ಕೇಳಿದರು. ಸೋಮವಾರ ಹೋದೆ.

ನಾನು ಮಾಡಿದ ಮೊದಲ ಕೆಲಸ ಹಗ್ಗ ತರಿಸಿದ್ದು. ಸೊಂಟಕ್ಕೆ, ಭುಜಕ್ಕೆ, ತೊಡೆಗೆ ಸುತ್ತಿಕೊಳ್ಳುವ ಬೆಲ್ಟು, ಅದರ ಬೆನ್ನಿನಿಂದ ಒಂದು ಪಟ್ಟಿ, ಪಟ್ಟಿಯ ತುದಿಗೆ ಕೊಕ್ಕೆ. ಟೆರೇಸಿನುದ್ದಕ್ಕೂ ಬಿಗಿಯಾಗಿ ಎಳೆದ ಹಗ್ಗಕ್ಕೆ ಆ ಕೊಕ್ಕೆ ಹಾಕಿಕೊಂಡರೆ ಬೇಕಾದ ಕಡೆ ಓಡಾಡಬಹುದು, ಬಿದ್ದರೆ ಹಗ್ಗ ಹಿಡಿಯುತ್ತದೆ. ಯಲ್ಲಪ್ಪ ಅದನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದ. "ನಾವೇನು ತಬೇಲಾದಾಗಿನ ಎಮ್ಮಿ ಏನ್ರಿ ಅಕ್ಕಾರ, ಹಗ್ಗಾ ಹಾಕಿ ಕಟ್ಟಾಕ?" ಎಂದ. ಜೊತೆಯವರೆಲ್ಲ ಗೊಳ್ಳೆಂದು ನಕ್ಕರು. ಮೊದಲು ನಾನೇ ಬೆಲ್ಟು ಕಟ್ಟಿಕೊಂಡೆ. ಸೀರೆಯ ಮೇಲೆ ಅದು ಕೂರಲಿಲ್ಲ. ಮರುದಿನದಿಂದ ಪಂಜಾಬಿ ಡ್ರೆಸ್ಸು. ನಲವತ್ತು ದಾಟಿದ ಮೇಲೆ ಮೊದಲ ಸಲ ಹಾಕಿದ್ದು. ಸೊಸೈಟಿಯ ಲಿಫ್ಟಿನಲ್ಲಿ ಎಲ್ಲರೂ ನನ್ನನ್ನೇ ನೋಡಿದರು.

ತೊಳೆಯುವ ಬಗೆ ಕಲಿತದ್ದು ನಿಧಾನವಾಗಿ, ಕೆಲವನ್ನು ಕೆಟ್ಟ ಮೇಲೆ. ಘೋಡಬಂದರ್ ರಸ್ತೆಯ ಒಂದು ಸೊಸೈಟಿಯಲ್ಲಿ ವಾಚ್‌ಮನ್ ನಮಗೆ ಉಪಕಾರ ಮಾಡುತ್ತೇನೆಂದು ಏಪ್ರಿಲ್ ತಿಂಗಳ ನಡುಮಧ್ಯಾಹ್ನ ಪ್ಯಾನೆಲ್‌ಗಳ ಮೇಲೆ ಬೋರ್‌ವೆಲ್ಲಿನ ತಣ್ಣೀರು ಬಿಟ್ಟ. ಕಾದ ಗಾಜು ಚಟ್ ಎಂದು ಸೀಳಿತು. ಸೀಳದ ಗಾಜಿನ ಮೇಲೆ ಉಪ್ಪುನೀರಿನ ಬಿಳಿ ಪೊರೆ ಕೂತು ಎಷ್ಟು ಒರೆಸಿದರೂ ಹೋಗಲಿಲ್ಲ. ಅಂದಿನಿಂದ ನಾವು ಬೆಳಿಗ್ಗೆ ಬಿಸಿಲೇರುವ ಮೊದಲು ಮಾತ್ರ ತೊಳೆದೆವು, ಸಿಹಿನೀರಿನಲ್ಲಿ ಮಾತ್ರ, ಮೆತ್ತನೆಯ ಬ್ರಷ್ಷಿನಲ್ಲಿ ಮಾತ್ರ. ಪ್ಯಾನೆಲ್‌ನ ಮೇಲೆ ಕಾಲಿಡಲಂತೂ ಯಾರನ್ನೂ ಬಿಡಲಿಲ್ಲ. ಮೇಲಿನಿಂದ ಗಾಜು ಸರಿಯಾಗಿಯೇ ಕಾಣಿಸುತ್ತದೆ. ಒಳಗೆ ಕೂದಲೆಳೆಯ ಬಿರುಕು ಬಿಟ್ಟು ವರ್ಷದೊಳಗೆ ಕೆಡುತ್ತದೆ.

ಆ ಹೊತ್ತಿಗೆ ರೋಹಿಣಿ ನಮ್ಮಲ್ಲಿ ಸೇರಿದ್ದಳು. ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿದ, ಲೈಸೆನ್ಸ್ ಇದ್ದ ಹುಡುಗಿ. ಕೋಪರಖೈರಣೆಯಲ್ಲಿ ಮನೆ, ತಂದೆ ವಾಶಿಯ ಮಂಡಿಯಲ್ಲಿ ಗುಮಾಸ್ತರು, ಮೂಲ ಉಡುಪಿ ಕಡೆಯೇ. ನಾನು ಕನ್ನಡದಲ್ಲಿ ಕೇಳಿದರೆ ಎಲ್ಲ ಅರ್ಥವಾಗುತ್ತಿತ್ತು, ಉತ್ತರ ಹಿಂದಿಯಲ್ಲಿ ಬರುತ್ತಿತ್ತು. ಯಲ್ಲಪ್ಪ ವಿಜಯಪುರದ ಕನ್ನಡದಲ್ಲಿ, ನಾನು ಕರಾವಳಿಯ ಕನ್ನಡದಲ್ಲಿ, ಅವಳು ಮುಂಬಯಿಯ ಹಿಂದಿಯಲ್ಲಿ ಒಂದೇ ಮಾತನ್ನು ಆಡುತ್ತಿದ್ದೆವು. ಸಾವಂತ್ ಸಾಹೇಬರು ತಲೆ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದರು.

ರೋಹಿಣಿ ನಮಗೆ ಕಲಿಸಿದ ಒಂದು ಪಾಠವನ್ನು ನಾನು ಹೋದಲ್ಲೆಲ್ಲ ಹೇಳಿದ್ದೇನೆ. ಡೊಂಬಿವಲಿಯಲ್ಲಿ ಭಟ್ಟರದ್ದೊಂದು ಸಸ್ಯಾಹಾರಿ ಹೋಟೆಲು. ಅವರ ಟೆರೇಸಿನ ಪ್ಯಾನೆಲ್‌ಗಳು ಕರೆಂಟು ಕೊಡುವುದನ್ನು ಸುಮಾರು ಬಿಟ್ಟೇಬಿಟ್ಟಿದ್ದವು. ಹೋಗಿ ನೋಡಿದರೆ ಅಡುಗೆಮನೆಯ ಚಿಮಣಿಯ ಬಾಯಿ ನೇರ ಪ್ಯಾನೆಲ್‌ಗಳ ಕಡೆ ತೆರೆದುಕೊಂಡಿದೆ. ಗಾಜಿನ ಮೇಲೆ ಎಣ್ಣೆಯ ಜಿಡ್ಡು, ಜಿಡ್ಡಿಗೆ ಧೂಳು ಅಂಟಿ ಚರ್ಮದ ಹಾಗೆ ಆಗಿದೆ. ಅದರ ಮೇಲೆಲ್ಲ ಗೀರುಗಳು ಬೇರೆ.

"ಇದು ಎಂತದು ಭಟ್ರೆ, ಬೆಕ್ಕು ಪರಚಿದ ಹಾಗೆ ಉಂಟಲ್ಲ?" ಎಂದು ಕೇಳಿದೆ.

"ಎಂತ ಮಾಡುದು ಮಾರಾಯ್ತಿ," ಎಂದರು ಭಟ್ಟರು. "ನಮ್ಮ ಅಡುಗೆಯವರು ಪಾತ್ರೆ ತಿಕ್ಕುವ ಸ್ಟೀಲ್ ಸ್ಕ್ರಬ್ಬರ್‌ನಲ್ಲಿ ತಿಕ್ಕಿದ್ದು. ಆ ದಿನ ಫಳಫಳ ಹೊಳೀತಿತ್ತು. ನಾನೇ ಶಾಭಾಸ್ ಹೇಳಿದೆ."

ಯಲ್ಲಪ್ಪ ಪೈಪು ಎತ್ತಿ ನೀರು ಬಿಡುವುದರಲ್ಲಿದ್ದ. ರೋಹಿಣಿ ಎರಡೂ ಕೈ ಅಗಲಿಸಿ ಅವನ ಎದುರು ನಿಂತುಬಿಟ್ಟಳು. ಜಿಡ್ಡಿನ ಅಡಿಯಲ್ಲಿ ಒಂದು ಪ್ಯಾನೆಲ್‌ನ ಗಾಜು ಜೇಡರ ಬಲೆಯಂತೆ ಒಡೆದಿರುವುದು ಅವಳ ಕಣ್ಣಿಗೆ ಬಿದ್ದಿತ್ತು.

"ಸ್ವಿಚ್ ಬಂದ್ ಮಾಡೀನಿ ತಂಗೆವ್ವ, ಏನೂ ಆಗಂಗಿಲ್ಲ," ಎಂದ ಯಲ್ಲಪ್ಪ.

"ಚಾಚಾ, ಸೂರಜ್ ಕಾ ಸ್ವಿಚ್ ನಹೀ ಹೋತಾ," ಎಂದಳು ಅವಳು. ಬಿಸಿಲಿಗೆ ಸ್ವಿಚ್ ಇಲ್ಲ. ಕೆಳಗೆ ಎಷ್ಟು ಸ್ವಿಚ್ ಆರಿಸಿದರೂ ಬಿಸಿಲು ಬೀಳುವಷ್ಟು ಹೊತ್ತು ಪ್ಯಾನೆಲ್ ಕರೆಂಟು ಮಾಡುತ್ತಲೇ ಇರುತ್ತದೆ. ಗಾಜು ಒಡೆದಿದ್ದರೆ, ತಂತಿ ಸುಲಿದಿದ್ದರೆ, ನೀರು ಬಿಟ್ಟವನ ಮೈಯೊಳಕ್ಕೇ ಅದು ಬರುತ್ತದೆ. ಅವಳು ಮೀಟರು ತೆಗೆದು ಪ್ಯಾನೆಲ್‌ನ ಚೌಕಟ್ಟಿಗೆ ಹಿಡಿದು ತೋರಿಸಿದಳು. ನೆಲಕ್ಕೆ ಹೋಗಬೇಕಾದ ತಂತಿ ಕಳಚಿಕೊಂಡಿತ್ತು. ಇಡೀ ಚೌಕಟ್ಟಿನಲ್ಲಿ ಕರೆಂಟು ಇತ್ತು. ಯಲ್ಲಪ್ಪ ಪೈಪನ್ನು ನಿಧಾನವಾಗಿ ಕೆಳಗಿಟ್ಟ. ಭಟ್ಟರು ತಮ್ಮ ಅಡುಗೆಯವರೆಲ್ಲ ಕೈಗವಸಿಲ್ಲದೆ ತಿಕ್ಕಿದ್ದನ್ನು ನೆನೆಸಿಕೊಂಡು ಅಲ್ಲೇ ಕೂತರು.

ಒಡೆದ ಪ್ಯಾನೆಲ್ಲಿಗೆ ಬಿಸಿಲು ಬೀಳದಂತೆ ದಪ್ಪ ತಾಡಪಾಲು ಹೊದಿಸಿ, ರೋಹಿಣಿ ರಬ್ಬರ್ ಕೈಗವಸು ಹಾಕಿಕೊಂಡು ಅದನ್ನು ಬಿಡಿಸಿದಳು, ತಂತಿ ಸರಿಮಾಡಿದಳು. ಚಿಮಣಿಯನ್ನು ಎತ್ತರಿಸಿ ಬೇರೆ ದಿಕ್ಕಿಗೆ ತಿರುಗಿಸಿದೆವು. ಒಂದು ತಿಂಗಳ ಮೇಲೆ ಭಟ್ಟರು ಒಂದು ಬೆಳಿಗ್ಗೆ ಫೋನ್ ಮಾಡಿ, "ಈಗ ಬನ್ನಿ, ಬಿಸಿ ಬಿಸ್ಕೂಟ್ ರೊಟ್ಟಿ ಮಾಡಿಸಿದ್ದೇನೆ. ಆ ಹುಡುಗಿಯನ್ನು ಕರಕೊಂಡೇ ಬರಬೇಕು," ಎಂದರು. ಗೀರು ಬಿದ್ದ ಗಾಜು ಗೀರು ಬಿದ್ದದ್ದೇ, ಆದರೆ ಹೋಟೆಲಿನ ದೀಪಗಳೆಲ್ಲ ಹಗಲಿಡೀ ಬಿಸಿಲಿನ ಕರೆಂಟಿನಲ್ಲೇ ಉರಿಯುತ್ತಿದ್ದವು. ಅವತ್ತಿನಿಂದ ಯಲ್ಲಪ್ಪ ನೀರು ಬಿಡುವ ಮೊದಲು ರೋಹಿಣಿಯ ಮುಖ ನೋಡುತ್ತಿದ್ದ. ಆದರೆ ಬೆಲ್ಟಿನ ವಿಷಯದಲ್ಲಿ ಮಾತ್ರ ಅವನದು ಅದೇ ಹಟ. ನಾನು ನೋಡುತ್ತಿದ್ದರೆ ಕೊಕ್ಕೆ ಹಾಕುತ್ತಿದ್ದ, ಬೆನ್ನು ತಿರುಗಿಸಿದರೆ ಬಿಚ್ಚುತ್ತಿದ್ದ.

ಇನ್ನು ಮಹಾಪೆ ಕಡೆಯ ಕಾರ್ಖಾನೆಯ ಸಂಗತಿ. ನನ್ನ ಇಡೀ ಕೆಲಸದ ಬದುಕಿನಲ್ಲಿ ಯಾವುದಾದರೂ ಒಂದನ್ನು ಹೇಳು ಎಂದರೆ ನಾನು ಹೇಳುವುದು ಇದನ್ನೇ.

ಬಾಟಲಿಗಳ ಪ್ಲಾಸ್ಟಿಕ್ ಮುಚ್ಚಳ ಮಾಡುವ ಕಾರ್ಖಾನೆ. ಉದ್ದುದ್ದ ಶೆಡ್ಡುಗಳು, ಮೇಲೆ ಲೋಹದ ಪತ್ರಾ, ಅಂದರೆ ತಗಡಿನ ಛಾವಣಿ. ಒಳಗೆ ಬೆಳಕು ಬೀಳಲೆಂದು ನಡುನಡುವೆ ಪ್ಲಾಸ್ಟಿಕ್ಕಿನ ಪತ್ರಾಗಳನ್ನು ಹಾಕಿರುತ್ತಾರೆ. ಹೊಸತರಲ್ಲಿ ಅವು ಹೊಳೆಯುತ್ತವೆ. ಕೆಲವು ಮಳೆಗಾಲ ಕಳೆದ ಮೇಲೆ ಧೂಳು ಹಿಡಿದು ಲೋಹದ ಬಣ್ಣಕ್ಕೇ ತಿರುಗುತ್ತವೆ. ಲೋಹ ಯಾವುದು, ಪ್ಲಾಸ್ಟಿಕ್ ಯಾವುದು ತಿಳಿಯುವುದಿಲ್ಲ. ಲೋಹ ಮನುಷ್ಯನ ಭಾರ ತಡೆಯುತ್ತದೆ. ಬಿಸಿಲಿಗೆ ಒಣಗಿದ ಪ್ಲಾಸ್ಟಿಕ್ ಹಪ್ಪಳದ ಹಾಗೆ ಮುರಿಯುತ್ತದೆ. ಈ ಕೆಲಸಕ್ಕೆ ಬರುವವರು ಬೇರೆಲ್ಲ ಮರೆತರೂ ಇದೊಂದನ್ನು ಮರೆಯಬಾರದು.

ಅಲ್ಲಿಯ ಮೇನೇಜರ್ ಗುಪ್ತಾ ಸಾಹೇಬರು. ಮುಂದಿನ ವಾರ ಅವರ ದೊಡ್ಡ ಗಿರಾಕಿಗಳು ಕಾರ್ಖಾನೆ ನೋಡಲು ಬರುವವರಿದ್ದರು, ಅಷ್ಟರಲ್ಲಿ ಪ್ಯಾನೆಲ್ ಫಳಫಳ ಆಗಬೇಕಿತ್ತು. ನಮ್ಮ ಕಂಪನಿಗೆ ಅಷ್ಟು ದೊಡ್ಡ ಕೆಲಸ ಅದುವರೆಗೆ ಬಂದಿರಲಿಲ್ಲ. ಹಗ್ಗವೂ ಬೇಡ, ಬೆಲ್ಟೂ ಬೇಡ ಎಂದು ಅಗ್ಗಕ್ಕೆ ಮಾಡಿಕೊಡುವ ತಂಡಗಳು ಎಲ್ಲ ಕಡೆ ಹುಟ್ಟಿಕೊಂಡು ನಮ್ಮ ಗಿರಾಕಿಗಳು ಒಬ್ಬೊಬ್ಬರೇ ಜಾರುತ್ತಿದ್ದ ಕಾಲ. ಇದು ಸಿಕ್ಕರೆ ಉಳಿದೆವು, ಇಲ್ಲದಿದ್ದರೆ ಕಷ್ಟ ಎಂದು ಸಾವಂತ್ ಸಾಹೇಬರು ನಮ್ಮೆಲ್ಲರಿಗೂ ಮೊದಲೇ ಹೇಳಿದ್ದರು.

ಹಗ್ಗ ಎಳೆಯಲು ಛಾವಣಿಯ ಮೇಲೆ ಬೋಲ್ಟು ಹಾಕಬೇಕೆಂದು ನಾನು ಹೇಳಿದೆ. ಗುಪ್ತಾ ಸಾಹೇಬರು ಅಡ್ಡಡ್ಡ ತಲೆಯಾಡಿಸಿದರು. "ಪತ್ರಾದಲ್ಲಿ ಒಂದೇ ಒಂದು ತೂತು ಬಿದ್ದರೂ ಮಳೆಗಾಲದಲ್ಲಿ ನನ್ನ ಮಷಿನ್ ಮೇಲೆ ನೀರು ಸುರಿಯುತ್ತದೆ. ತೂತು ಕೊರೆಯಲು ಬಿಡುವುದಿಲ್ಲ. ಹಿಂದಿನ ಕಾಂಟ್ರಾಕ್ಟರನ ಜನ ಹಗ್ಗ ಕೇಳಿರಲಿಲ್ಲ," ಎಂದರು. ಅವರ ಮಾತಿನಲ್ಲೂ ನ್ಯಾಯ ಇತ್ತು.

ಸಾವಂತ್ ಸಾಹೇಬರು ನನ್ನ ಕಡೆ ನೋಡಿದರು. ಅವರ ಮುಖದಲ್ಲಿ ಆಸೆ ಇತ್ತು, ಅದನ್ನು ಅಡಗಿಸಿಕೊಳ್ಳುವ ಪ್ರಯತ್ನವೂ ಇತ್ತು. "ತಾಈ, ನೀವು ಹೇಳಿ," ಎಂದಷ್ಟೇ ಅಂದರು.

"ಹಗ್ಗ ಇಲ್ಲದೆ ನಮ್ಮವರು ಹತ್ತುವುದಿಲ್ಲ," ಎಂದೆ.  

ಏಣಿಯ ಬುಡದಲ್ಲಿ ಸಿದ್ಧವಾಗಿ ನಿಂತಿದ್ದವರನ್ನೆಲ್ಲ ಕರೆದುಕೊಂಡು, ಬ್ರಷ್ಷು ಪೈಪುಗಳನ್ನು ಹೊತ್ತುಕೊಂಡು ಸ್ಟೇಷನ್ನಿಗೆ ನಡೆದೆವು.  ಠಾಣೆಯಲ್ಲಿ ಗಾಡಿ ಬದಲಾಯಿಸುವಾಗ ಯಲ್ಲಪ್ಪ ನನ್ನ ಹತ್ತಿರ ಬಂದು ನಿಂತ. "ಕೈಗೆ ಬಂದ ಕೆಲಸಾ ಬಿಟ್ಟ ಬಂದ್ರಿ ಅಕ್ಕಾರ. ನಾ ಏನ್ ಇವತ್ತ ಪತ್ರಾ ತುಳ್ಯಾಕತ್ತೇನ್ರಿ? ನನ್ನ ಕಾಲಿಗಿ ಗೊತ್ತೈತಿ, ಎಲ್ಲಿ ಇಡಬೇಕು ಅಂತ."  ಮನೆಗೆ ಹೋಗಿ ಊಟ ಮಾಡಲಿಕ್ಕೂ ಆಗಲಿಲ್ಲ. ಇಷ್ಟು ಜನರ ಕೆಲಸ ನನ್ನ ಒಂದು ಮಾತಿನಿಂದ ಹೋಯಿತಲ್ಲ ಎನ್ನುವುದೇ ಯೋಚನೆ.

ಸಾವಂತ್ ಸಾಹೇಬರು ಮಾತ್ರ ಸುಮ್ಮನೆ ಕೂರಲಿಲ್ಲ. ಮರುದಿನ ರೋಹಿಣಿಯನ್ನು ಕರೆದುಕೊಂಡು ಉಲ್ಹಾಸನಗರದ ಒಂದು ವರ್ಕ್‌ಶಾಪಿಗೆ ಹೋದರು. ಪತ್ರಾದ ಉಬ್ಬು ಅಂಚನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯುವ ಉಕ್ಕಿನ ಹಿಡಿಕೆಗಳನ್ನು ಮಾಡಿಸಿ ತಂದರು. ತೂತು ಬೇಕಾಗಿಲ್ಲ. ಅವನ್ನು ಚೀಲದಲ್ಲಿ ಹಾಕಿಕೊಂಡು ಮತ್ತೆ ಗುಪ್ತಾ ಸಾಹೇಬರ ಮುಂದೆ ಹೋಗಿ ನಿಂತೆವು. ಅವರೂ ಇಂಜಿನಿಯರು. ಹಿಡಿಕೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಮುಖದ ಬಿಗುವು ಸಡಿಲಿತು. "ಎಲ್ಲೆಂದರಲ್ಲಿ ಹಾಕಬೇಡಿ. ಕೆಳಗೆ ಉಕ್ಕಿನ ಅಡ್ಡಪಟ್ಟಿ ಇರುವ ಕಡೆ ಮಾತ್ರ ಹಾಕಿ. ನಾನು ಗುರುತು ಮಾಡಿಕೊಡುತ್ತೇನೆ," ಎಂದು ತಾವೇ ಚಾಕ್‌ಪೀಸ್ ತರಿಸಿದರು. ಹಗ್ಗ ಎಳೆದ ಮೇಲೆ ಪ್ಲಾಸ್ಟಿಕ್ ಕಾಳಿನ ಮೂಟೆಗಳನ್ನು ಅದಕ್ಕೆ ಕಟ್ಟಿ ಮೇಲಿನಿಂದ ಬೀಳಿಸಿ ನೋಡಿದರು, ಮನುಷ್ಯನಿಗಿಂತ ಎಷ್ಟೋ ಹೆಚ್ಚಿನ ಭಾರ. ಹಗ್ಗ ಝಲ್ಲೆಂದಿತು, ನಿಂತಿತು. ಪತ್ರಾದಲ್ಲಿ ಒಂದು ಗೀರೂ ಬೀಳಲಿಲ್ಲ.

"ಈಗ ಹತ್ತಿ," ಎಂದರು ಗುಪ್ತಾ ಸಾಹೇಬರು.

ಹತ್ತುವ ಮೊದಲು ನಾನು ಇನ್ನೊಂದು ಕೇಳಿದೆ. ಒಳಗೆ ದೀಪ ಬದಲಾಯಿಸಲು ಅವರ ಹತ್ತಿರ ಮೇಲಕ್ಕೇರುವ ಒಂದು ಲಿಫ್ಟ್ ಗಾಡಿ ಇತ್ತು. ನಾವು ಮೇಲಿರುವಷ್ಟು ಹೊತ್ತು ಅದು ಶೆಡ್ಡಿನೊಳಗೆ ಸಿದ್ಧವಾಗಿ ನಿಂತಿರಬೇಕೆಂದೆ. ಹಗ್ಗ ಹಿಡಿದು ನಿಲ್ಲಿಸಿದರೆ ಸಾಲದು. ಬೆಲ್ಟಿನಲ್ಲಿ ನೇತಾಡುವವನ ತೊಡೆಯ ರಕ್ತ ನಿಂತುಬಿಡುತ್ತದೆ. ಬೇಗ ಇಳಿಸದಿದ್ದರೆ ಅದೇ ಪ್ರಾಣಕ್ಕೆ ಮುಳುವು. ಅವರು ಒಪ್ಪಿದರು.

ಓಡಾಡಲು ಪತ್ರಾದ ಮೇಲೆ ಹಲಗೆಗಳನ್ನು ಹಾಸಿಕೊಂಡೆವು. ಮೊದಲ ದಿನ ಚೆನ್ನಾಗಿ ನಡೆಯಿತು. ಎರಡನೆಯ ದಿನ ಬೆಳಿಗ್ಗೆ ನಾನು ಯಲ್ಲಪ್ಪನ ಹಿಂದೆಯೇ ಹೋಗಿ, ಅವನ ಕೊಕ್ಕೆ ಎಳೆದು ನೋಡಿ, "ಇದು ಬಿಚ್ಚಿದರೆ ಕೆಳಗಿಳಿಸ್ತೇನೆ," ಎಂದೆ. "ಬಿಚ್ಚಂಗಿಲ್ಲ ಬಿಡ್ರಿ," ಎಂದ. ಸ್ವಲ್ಪ ಹೊತ್ತಿಗೆ ಪೈಪು ಒಂದು ಕಡೆ ಸಿಕ್ಕಿಕೊಂಡಿತು. ಅವನು ಅದನ್ನು ಎಳೆಯುತ್ತ ಹಲಗೆಯಿಂದ ಒಂದು ಹೆಜ್ಜೆ ಹಿಂದಕ್ಕಿಟ್ಟ.

ಸದ್ದು ದೊಡ್ಡದೇನಾಗಲಿಲ್ಲ. ಹಪ್ಪಳ ಮುರಿದಷ್ಟೇ. ನೋಡಿದರೆ ಯಲ್ಲಪ್ಪ ಇಲ್ಲ. ಅವನಿದ್ದ ಕಡೆ ಒಂದು ತೂತು, ತೂತಿನ ಅಂಚಿನಲ್ಲಿ ಬಿಗಿದು ನಿಂತ ಪಟ್ಟಿ.

ರೋಹಿಣಿ ಓಡಲಿಲ್ಲ, ಕಿರುಚಲಿಲ್ಲ. ನೀರಿನ ವಾಲ್ವ್ ಬಂದ್ ಮಾಡಿದಳು. ಎಲ್ಲರನ್ನೂ ಇದ್ದಲ್ಲೇ ಕೂರಿಸಿದಳು. ಫೋನಿನಲ್ಲಿ ಗುಪ್ತಾ ಸಾಹೇಬರಿಗೆ ಹೇಳಿದಳು. ಆಮೇಲೆ ಕಾಲಿಗೆ ಹಾಕುವ ಕುಣಿಕೆಯ ಪಟ್ಟಿಯನ್ನು ನನ್ನ ಕೈಗೆ ಕೊಟ್ಟಳು. ನೇತಾಡುವವನು ಅದರಲ್ಲಿ ಪಾದವಿಟ್ಟು ನಿಂತರೆ ತೊಡೆಯ ಮೇಲಿನ ಒತ್ತಡ ಇಳಿಯುತ್ತದೆ. "ಆಂಟಿ, ಆಪ್ ಪಾಸ್ ಹೈ," ಎಂದಳು. ತೂತಿಗೆ ಹತ್ತಿರ ಇದ್ದವಳು ನಾನೇ.

ನನ್ನ ಕೊಕ್ಕೆಯನ್ನು ಎರಡು ಸಲ ಎಳೆದು ನೋಡಿಕೊಂಡೆ. ಹಲಗೆಯ ಮೇಲೆ ಬೋರಲು ಮಲಗಿ, ತೆವಳಿಕೊಂಡು ಹೋದೆ. ಕುಣಿಕೆಯ ಪಟ್ಟಿಯ ಮೇಲಿನ ತುದಿಯನ್ನು ಹಗ್ಗಕ್ಕೆ ಸಿಕ್ಕಿಸಿ, ತೂತಿನೊಳಗೆ ತಲೆ ಹಾಕಿದೆ. ಯಲ್ಲಪ್ಪ ನನ್ನಿಂದ ಒಂದಾಳಿನಷ್ಟು ಕೆಳಗೆ ನೇತಾಡುತ್ತಿದ್ದ. ಅವನ ಅಡಿಯಲ್ಲಿ, ಬಹಳ ಕೆಳಗೆ, ಮಷಿನುಗಳು ಓಡುತ್ತಿದ್ದವು. ಅವನು ತಲೆಯೆತ್ತಿ ನನ್ನನ್ನು ನೋಡಿದ.

"ಅಕ್ಕಾರ, ಕೆಳಗ ನೋಡಬ್ಯಾಡ್ರಿ. ನಿಮಗ ತಲಿ ತಿರಗತೈತಿ," ಎಂದ.

ಈಗಲೂ ಆ ಮಾತು ನೆನಪಾದರೆ ನನ್ನ ಕಣ್ಣು ತುಂಬುತ್ತದೆ. ಅಲ್ಲಿ ನೇತಾಡುತ್ತಿದ್ದವನು ಅವನು.

"ನಾನು ನಿನ್ನನ್ನೇ ನೋಡುದು ಯಲ್ಲಪ್ಪ, ಕೆಳಗೆ ಎಂತ ನೋಡ್ಲಿಕ್ಕುಂಟು?" ಎಂದೆ. "ಈ ಕುಣಿಕೆ ಹಿಡಿ. ಪಾದ ಹಾಕು. ಎದ್ದು ನಿಲ್ಲು. ಕಾಲು ಆಡಿಸ್ತಾ ಇರು."

 ಮೊದಲ ಸಲ ಕುಣಿಕೆ ತಪ್ಪಿತು. ಎರಡನೆಯ ಸಲ ಪಾದ ಕೂತಿತು. ಎದ್ದು ನಿಂತ. ಮುಖಕ್ಕೆ ರಕ್ತ ಬಂದದ್ದು ನನಗೆ ಮೇಲಿನಿಂದಲೇ ಕಂಡಿತು. ಅಷ್ಟು ಹೊತ್ತಿಗೆ ಕೆಳಗೆ ಮಷಿನುಗಳು ಒಂದೊಂದಾಗಿ ನಿಂತವು, ಶೆಡ್ಡು ನಿಶ್ಶಬ್ದವಾಯಿತು. ಗುಪ್ತಾ ಸಾಹೇಬರು ತಾವೇ ಲಿಫ್ಟ್ ಗಾಡಿಯೊಳಗೆ ನಿಂತು ಮೇಲೆ ಬರುತ್ತಿದ್ದರು, ಟೈ ಕಟ್ಟಿಕೊಂಡೇ. ಯಲ್ಲಪ್ಪನ ಸೊಂಟವನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದರು. ನಾನು ಮೇಲಿನಿಂದ ಅವನ ಪಟ್ಟಿಯ ಕೊಕ್ಕೆ ಬಿಚ್ಚಿ ಕೆಳಗೆ ಬಿಟ್ಟೆ. ಇಬ್ಬರೂ ನಿಧಾನವಾಗಿ ಇಳಿದು ನೆಲ ಮುಟ್ಟಿದರು. ಯಲ್ಲಪ್ಪ ತನ್ನ ಕಾಲ ಮೇಲೆ ತಾನು ನಿಂತ. ಕಾರ್ಖಾನೆಯ ಜನರೆಲ್ಲ ಚಪ್ಪಾಳೆ ತಟ್ಟಿದರು. ಅದನ್ನು ನಾನು ತೂತಿನಿಂದ ಕೆಳಗೆ ನೋಡುತ್ತ ಕೇಳಿಸಿಕೊಂಡೆ. ಹೌದು, ಆಗ ಕೆಳಗೇ ನೋಡಿದೆ. ಮನಸ್ಸು ತುಂಬುವಷ್ಟು ನೋಡಿದೆ.

ಡಾಕ್ಟರು ಪರೀಕ್ಷೆ ಮಾಡಿ, ತೊಡೆಯ ಮೇಲೆ ಬೆಲ್ಟಿನ ನೀಲಿ ಗುರುತು ಬಿಟ್ಟರೆ ಏನೂ ಇಲ್ಲವೆಂದರು.

ಮರುದಿನ ಬೆಳಿಗ್ಗೆ ಯಲ್ಲಪ್ಪನ ಹೆಂಡತಿ ಮಹಾದೇವಿ ಆಫೀಸಿಗೆ ಬಂದಳು. ಕೈಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿಯ ಗಂಟು. ಆ ಹೊತ್ತಿಗೆ ಯಲ್ಲಪ್ಪನನ್ನು ಹಿಡಿದು ನಿಲ್ಲಿಸಿದ ಬೆಲ್ಟನ್ನು ಸಾವಂತ್ ಸಾಹೇಬರು ಕತ್ತರಿಯಿಂದ ತುಂಡು ಮಾಡುತ್ತಿದ್ದರು. ಒಮ್ಮೆ ಬಿದ್ದವರನ್ನು ಹಿಡಿದ ಬೆಲ್ಟನ್ನು ಮತ್ತೆ ಯಾರೂ ಕಟ್ಟಿಕೊಳ್ಳಬಾರದು. ಅದರ ಹೊಲಿಗೆ ಆ ಒಂದು ಪೆಟ್ಟು ತಾಳುವುದಕ್ಕೆಂದೇ ಇರುವುದು. ಹೊಸದಾಗಿ ಕಂಡರೂ ಕತ್ತರಿಸಿಬಿಡಬೇಕು.

"ಇದೇ ಏನ್ರಿ?" ಎಂದಳು ಮಹಾದೇವಿ. ಹೌದೆಂದೆ. ಒಂದು ತುಂಡನ್ನು ಎತ್ತಿ ಕಣ್ಣಿಗೊತ್ತಿಕೊಂಡು ಸೆರಗಿನಲ್ಲಿ ಕಟ್ಟಿಕೊಂಡಳು. "ಕೊಕ್ಕಿ ಬಿಚ್ಚಿ ಬಿಚ್ಚಿ ಇಡತಿದ್ದೆ ಅಂತ ರಾತ್ರಿ ಮನ್ಯಾಗ ತಾನ ಹೇಳ್ಯಾನ್ರಿ. ಇನ್ನ ಬಿಚ್ಚಂಗಿಲ್ಲ. ನಾ ನೋಡ್ಕೋತೀನಿ," ಎಂದಳು. ಸಾವಂತ್ ಸಾಹೇಬರಿಗೆ ಕನ್ನಡ ಬರುವುದಿಲ್ಲ. ಆದರೂ ಕತ್ತರಿ ಕೆಳಗಿಟ್ಟು ಕನ್ನಡಕ ಒರೆಸಿಕೊಂಡರು.

ನಾವು ಅದೇ ವಾರ ಆ ಕೆಲಸ ಮುಗಿಸಿದೆವು. ಯಲ್ಲಪ್ಪನೂ ಬಂದ, ಬೇಡವೆಂದರೂ ಕೇಳಲಿಲ್ಲ. ಗಿರಾಕಿಗಳು ಬಂದ ದಿನ ಪ್ಯಾನೆಲ್‌ಗಳು ನೀರಿನ ಹಾಗೆ ಹೊಳೆಯುತ್ತಿದ್ದವು. ಗುಪ್ತಾ ಸಾಹೇಬರು ಅವರನ್ನು ಮೊದಲು ಕರೆದುಕೊಂಡು ಹೋಗಿ ತೋರಿಸಿದ್ದು ಪ್ಯಾನೆಲ್‌ಗಳನ್ನಲ್ಲ, ಹಗ್ಗವನ್ನು. ಅವರ ಉಳಿದ ಶೆಡ್ಡುಗಳ ಕೆಲಸವೂ ನಮಗೇ ಬಂತು. ಪ್ಲಾಸ್ಟಿಕ್ ಪತ್ರಾಗಳ ಕೆಳಗೆಲ್ಲ ಉಕ್ಕಿನ ಜಾಲರಿ ಹಾಕಿಸಿದರು. ಹಗ್ಗವನ್ನು ಶಾಶ್ವತವಾಗಿ ಅಲ್ಲೇ ಉಳಿಸಿದರು. ಕಂಪನಿ ಮುಚ್ಚಬೇಕಾಗುತ್ತದೆ ಎಂದು ಹೆದರಿದ್ದ ಸಾವಂತ್ ಸಾಹೇಬರು ಮುಂದಿನ ವರ್ಷ ಇನ್ನೊಂದು ತಂಡ ಕಟ್ಟಿದರು. ಅದರಲ್ಲಿ ಹೆಚ್ಚಿನವರು ಹೆಂಗಸರು. ಮುಖ್ಯಸ್ಥೆ ರೋಹಿಣಿ.

ಹೊಸಬರಿಗೆ ಬೆಲ್ಟು ಕಟ್ಟಲು ಕಲಿಸುವ ಕೆಲಸವನ್ನು ಯಲ್ಲಪ್ಪ ತಾನಾಗಿಯೇ ಕೇಳಿ ತೆಗೆದುಕೊಂಡ. ವರ್ಕ್‌ಶಾಪಿನ ತೊಲೆಗೆ ಹಗ್ಗ ಕಟ್ಟಿ, ಒಬ್ಬೊಬ್ಬರನ್ನೂ ಅದರಲ್ಲಿ ನೇತಾಡಿಸಿ, ಕುಣಿಕೆಯಲ್ಲಿ ಪಾದ ಹಾಕಿ ಎದ್ದು ನಿಲ್ಲುವುದನ್ನು ಅಭ್ಯಾಸ ಮಾಡಿಸುತ್ತಿದ್ದ. ಈಗ ಕೆಲವು ಕಡೆ ನೀರೇ ಇಲ್ಲದೆ ಪ್ಯಾನೆಲ್‌ನ ಮೇಲೆ ತಾನೇ ಓಡಾಡಿ ಒರೆಸುವ ಮಷಿನು ಬಂದಿದೆ. ಅದು ಕೆಟ್ಟು ನಿಂತಾಗ ರಿಪೇರಿಗೆ ಮನುಷ್ಯನೇ ಮೇಲೆ ಹೋಗಬೇಕು. ಆದ್ದರಿಂದ ಅವನ ಪಾಠ ಇನ್ನೂ ನಡೆಯುತ್ತಿದೆ.

ನನ್ನ ಕೊನೆಯ ವರ್ಷದ ಒಂದು ಬೆಳಿಗ್ಗೆ ಅದೇ ಕಾರ್ಖಾನೆಯ ಛಾವಣಿಯ ಮೇಲಿದ್ದೆವು. ರಸ್ತೆಯಾಚೆಯ ಕಾರ್ಖಾನೆಗೂ ಹೊಸದಾಗಿ ಪ್ಯಾನೆಲ್ ಬಂದಿತ್ತು. ಬೇರೆ ಕಾಂಟ್ರಾಕ್ಟರನ ಜನ ಹಗ್ಗವಿಲ್ಲದೆ ಅದರ ಛಾವಣಿಯ ಮೇಲೆ ಓಡಾಡುತ್ತಿದ್ದರು. ಯಲ್ಲಪ್ಪ ಕೈ ಬಾಯಿಗೆ ಹಿಡಿದು, "ಏ ಭಾಯಿ, ರಸ್ಸೀ ಕಿಧರ್ ಹೈ?" ಹಗ್ಗ ಎಲ್ಲಿ ಎಂದು ಕೂಗಿದ. ಅವರು ನಕ್ಕರು. ಇವನು ಬಿಡಲಿಲ್ಲ. ಕೆಲಸ ಮುಗಿದ ಮೇಲೆ ರಸ್ತೆ ದಾಟಿ ಹೋಗಿ, ಚಹಾ ಕುಡಿಸಿ, ಅವರನ್ನೂ ಅವರ ಮೇಸ್ತ್ರಿ ಮುಕಾದಮನನ್ನೂ ಗುಪ್ತಾ ಸಾಹೇಬರ ಅನುಮತಿ ಪಡೆದು ನಮ್ಮ ಶೆಡ್ಡಿನೊಳಗೆ ಕರೆತಂದ. ತಾನು ಬಿದ್ದ ಕಡೆ ಹಾಕಿದ್ದ ಹೊಸ ಪತ್ರಾವನ್ನು ಕೆಳಗಿನಿಂದ ಬೆರಳೆತ್ತಿ ತೋರಿಸಿದ. ಏನು ಹೇಳಿದನೋ, ನಾನು ದೂರದಲ್ಲಿದ್ದೆ. ಅವರೆಲ್ಲ ಬಹಳ ಹೊತ್ತು ಮೇಲೆ ನೋಡುತ್ತ ನಿಂತಿದ್ದರು. ಹೊರಡುವಾಗ ಮುಕಾದಮ ಬಂದು, ಆ ಹಿಡಿಕೆಗಳನ್ನು ಮಾಡಿಕೊಡುವ ವರ್ಕ್‌ಶಾಪ್ ಎಲ್ಲಿದೆ ಎಂದು ಕೇಳಿಕೊಂಡು ಹೋದ.

ಮುಂದಿನ ಸಲ ನಾವು ಹತ್ತಿದಾಗ ರಸ್ತೆಯಾಚೆಯ ಛಾವಣಿಯುದ್ದಕ್ಕೂ ಹಗ್ಗ ಎಳೆದಿತ್ತು. ಎಲ್ಲರ ಬೆನ್ನಿನ ಮೇಲೂ ಬೆಲ್ಟು. ಒಬ್ಬ ಮಾತ್ರ ಕೊಕ್ಕೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಾಗೇ ನಡೆಯುತ್ತಿದ್ದ. ಯಲ್ಲಪ್ಪ ಈ ಸಲ ಕೂಗಲಿಲ್ಲ. ತನ್ನ ಕೊಕ್ಕೆಯನ್ನು ಅವನಿಗೆ ಕಾಣುವಂತೆ ಎತ್ತಿ ಹಿಡಿದು, ಹಗ್ಗಕ್ಕೆ ಹಾಕಿ, ಎಳೆದು ತೋರಿಸಿದ.  ಆಚೆಯವನು ಬಾಗಿ ತನ್ನ ಕೊಕ್ಕೆ ಹಾಕಿಕೊಂಡು, ಎಳೆದು ನೋಡಿ, ಕೈ ಎತ್ತಿದ.

"ಹಾಕಿದಾ ನೋಡ್ರಿ ಅಕ್ಕಾರ," ಎಂದ ಯಲ್ಲಪ್ಪ.

"ನೋಡಿದೆ," ಎಂದೆ. "ಬಿಸಿಲೇರ್ತಾ ಉಂಟು. ನೀರು ಬಿಡು."